ಎರಡು ಬೆರಳು

ಚಕ್ರದ ಮೇಲಿನ ಸಂದಿಗೆ ಕೈ ತೂರಿಸಿ ಕಾಹಲ್
ನಾಲ್ಕು ಬೆರಳು, ನೋಡು ಡರ್ವ್ಲಾ, ಅಂತಾನೆ.
ಮದುವೆಗೆ ಹಾಕಿದ ಪ್ಯಾಂಟು ಹಿಮ್ಮಡಿಗಿಂತ ಗೇಣು ಮೇಲೆ ನಿಂತಂಥ
ನಾಚಿಕೆ ಅವನ ಮುಖದಲ್ಲಿ.
ಎರಡಾದರೆ ಸಾಕಂತೆ.
ಜೂನಿನ ರ‍್ಯಾಲಿಗೆ ಡೊನೆಗಾಲ್ ಪೂರ್ತಿ ರಸ್ತೆಬದಿಗೆ ಬಂದು ನಿಂತಾಗ
ಈ ಕೆಂಪು ಸಿವಿಕ್ ನೆಲಕ್ಕೆ ಹೊಟ್ಟೆ ಹಚ್ಚಿ
ಹೊಂಚು ಹಾಕಿದ ಬೆಕ್ಕಿನ ಹಾಗೆ ಕಾಣಬೇಕಂತೆ.

ಕಾಣೋದು ಸುಲಭ ಮಗ.
ಮೊದಲು ಹೇಳು, ದಿನಾ ಓಡಾಡೋ ದಾರಿ ಯಾವುದು?

ಹೇಳಬೇಡ, ಗೊತ್ತು. ಗ್ಲೆಂಟೀಸಿನಾಚೆ ಜೌಗಿನ ಮೇಲೆ ಹೋಗೋದು.
ಅದು ರಸ್ತೆಯೇ ಅಲ್ಲ,
ಮಲಗಿದ ಯಾವುದೋ ಪ್ರಾಣಿಗೆ ಹೊದಿಸಿದ ಕಂಬಳಿ.
ಕೌಂಟಿಯವರು ಬಂದು ಡಾಂಬರು ಹಾಕಿ ಹೋಗುತ್ತಾರೆ,
ಚಳಿಗಾಲದಲ್ಲಿ ಅದು ಮಗ್ಗುಲು ಬದಲಿಸುತ್ತೆ.
ಅಲ್ಲಿ ಉಬ್ಬು, ಇಲ್ಲಿ ತಗ್ಗು,
ಹೋದ ವರ್ಷದ ಲೆಕ್ಕ ಈ ವರ್ಷಕ್ಕಿಲ್ಲ.

ಬಾ, ಈ ಮೂಲೆ ಒತ್ತಿ ಬಿಡು. ಮೈಭಾರ ಹಾಕಿ ಒತ್ತು.
ನೋಡಿದೆಯಾ?
ಒಮ್ಮೆ ಎದ್ದು ತೆಪ್ಪಗಾಗಬೇಕಿತ್ತು;
ಮೂರು ಸಲ ತಲೆಯಾಡಿಸಿತು, ಊಟಕ್ಕೆ ಕರೆದ ಹಾಗೆ.
ಶಾಕ್ ಸತ್ತು ಎಷ್ಟೋ ಕಾಲವಾಗಿದೆ,
ತಿಥಿ ಮಾಡಿಲ್ಲ ನೀನು, ಅಷ್ಟೆ.

ಸ್ಪ್ರಿಂಗಿಗೆ ಇರೋದು ಒಂದೇ ಬುದ್ಧಿ:
ಒತ್ತಿದವರಿಗೆ ಒತ್ತಿದಷ್ಟೂ ವಾಪಸ್ಸು.
ಗುಂಡಿ ದಾಟಿ ಅರ್ಧ ಫರ್ಲಾಂಗು ಹೋದಮೇಲೂ
ಗುಂಡಿಯದೇ ಮಾತು.
ಅದರ ಬಾಯಿ ಮುಚ್ಚಿಸೋದು ಶಾಕು.
ಒಳಗೆ ಎಣ್ಣೆ, ಎಣ್ಣೆಗೊಂದು ಕಿರುತೂತು,
ಅಷ್ಟು ದೊಡ್ಡ ಸಿಟ್ಟು ಅಷ್ಟು ಸಣ್ಣ ತೂತಲ್ಲಿ ನುಸುಳಿ
ಬರೀ ಬಿಸಿಯಾಗಿ ಆರಿಹೋಗುತ್ತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಇಲ್ಲಿ ಅದೇ ಮಾತು ತಿರುವುಮುರುವು:
ಕಾಲು ಕುಗ್ಗಿಸಿದೆಯೋ, ಹಾಸಿಗೆಯನ್ನೂ ಕುಗ್ಗಿಸು.
ಗಿಡ್ಡ ಸ್ಪ್ರಿಂಗಿಗೆ ಗಿಡ್ಡ ಶಾಕು. ಜೋಡಿಯಾಗಿ ಕೊಳ್ಳು.
ಕಾಸಿಲ್ಲ ಅಂತೀಯ; ಕಿಲ್ಲಿಬೆಗ್ಸಿನ ಮೀನು ಕಾರ್ಖಾನೆಯಲ್ಲಿ
ರಾತ್ರಿಪಾಳಿ ಬಂಗಡೆ ತುಂಬಿಸಿದ ಕಾಸು, ನನಗೂ ವಾಸನೆ ಬರುತ್ತೆ.
ಹಾಗಾದರೆ ಕಾಯಿ. ಅರ್ಧ ಕೆಲಸಕ್ಕೆ ಪೂರ್ತಿ ಕಾಸು ಸುರೀಬೇಡ.

ನಾನು ಕಾಯಲಿಲ್ಲ.
ಹತ್ತೊಂಬತ್ತು ನನಗೆ. ಅಪ್ಪನ ಗ್ರೈಂಡರ್,
ನಾಲ್ಕು ಸ್ಪ್ರಿಂಗು, ತಲಾ ಒಂದೂವರೆ ಸುತ್ತು ಕತ್ತರಿಸಿದೆ.
ಕೊಟ್ಟಿಗೆ ತುಂಬ ಕಿಡಿ, ಆಹಾ.
ಆ ರಾತ್ರಿ ಕಾರು ಎಷ್ಟು ಚಂದ ಕೂತಿತ್ತು ಅಂದರೆ
ಮೂರು ಸಲ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ.
ಬೆಳಿಗ್ಗೆ ಗೂನು ಸೇತುವೆಯ ಮೇಲೆ
ಕೆಳಗಿನಿಂದ ಒಂದು ಸದ್ದು,
ಬೀಗಿತ್ತಿಯ ಮುಂದೆ ಪಿಂಗಾಣಿ ಬಿದ್ದ ಸದ್ದು.
ಎಣ್ಣೆಯ ತೊಟ್ಟಿ ಸೀಳಿತ್ತು. ಗೊತ್ತಾಗದೆ ಮೂರು ಮೈಲಿ ಓಡಿಸಿದೆ.
ಅಪ್ಪ ನನ್ನನ್ನು ಯಾರಲ್ಲೂ ವಿಚಾರಿಸಲಿಲ್ಲ.
ರಸ್ತೆಯ ಮೇಲಿನ ಕಪ್ಪು ಗೆರೆ ಹಿಡಿದು
ಸುಮ್ಮನೆ ನಡೆದು ಬಂದರು.
ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಆರು ವಾರದ ಮೇಲೆ ಬಂದ. ಎರಡೂ ಡಬ್ಬ ಹೊತ್ತು ತಂದ.
ನಲವತ್ತು ಮಿಲಿಮೀಟರಲ್ಲ, ಇಪ್ಪತ್ತೈದು.
ಜೊತೆಗೆ ಅದರ ಅಳತೆಯದೇ ಶಾಕು, ನಾಲ್ಕು.
ಹಳೇ ಸ್ಪ್ರಿಂಗ್ ಬಿಚ್ಚಿ ಕೈಗೆ ಕೊಟ್ಟರೆ
ಇಷ್ಟು ಭಾರವಾ ಅಂದ.
ಸಂಜೆ ಜಾಕಿನಿಂದ ಕಾರು ಇಳಿಸಿ, ಅಂಗಳದಲ್ಲಿ ಎರಡು ಸುತ್ತು ಹೊಡೆಸಿ,
ಒತ್ತಿ ಬಿಟ್ಟೆವು. ಎದ್ದಿತು. ನಿಂತಿತು.
ಒಂದೇ ಸಲ.

ಅವನ ಕೈ ಮಾತ್ರ ಆಗಲೇ ಸಂದಿಯೊಳಗೆ.
ಎರಡೂವರೆ, ಅಂದ, ಸಪ್ಪಗೆ.

ಸರಿ ಆಚೆ, ಅಂದು ನನ್ನದನ್ನ ಹಾಕಿದೆ,
ಮೂವತ್ತು ವರ್ಷ ಸ್ಪ್ಯಾನರ್ ಹಿಡಿದು ಬಾತ ಬೆರಳು.
ಬಿಗಿಯಾಗಿ ಕೂತವು.
ಲೆಕ್ಕ ಹಾಕು ಅಂದೆ. ಎರಡು.